ಇಸುಬಿನ ಮಕ್ಕಳ ಗೋಳನ್ನು ಕೇಳುವವರಾರು?

ರೋಗಗಳಲ್ಲಿಯೂ ಮೇಲು ಕೀಳು ಉಂಟು. ಊರಲ್ಲಿ ವಾಂತಿಭೇದಿ ಕಾಣಿಸಿಕೊಂಡರೆ ನಗರಸಭೆ ಎಚ್ಚರಗೊಳ್ಳುತ್ತದೆ, ನಲ್ಲಿಯ ನೀರಿಗೆ ಔಷಧಿ ಬೀಳುತ್ತದೆ. ಡೆಂಗೆ ಜ್ವರವೆಂದರೆ ದೊಡ್ಡ ಅಧಿಕಾರಿಗಳೇ ಓಣಿಯೊಳಗೆ ಕಾಲಿಡುತ್ತಾರೆ, ಹೊಗೆ ಹಾಕಿಸುತ್ತಾರೆ. ಆದರೆ ಒಂದು ಮಗು ವರುಷಗಟ್ಟಲೆ ರಾತ್ರಿ ನಿದ್ದೆಯಿಲ್ಲದೆ ಮೈ ಕೆರೆದುಕೊಂಡು, ಬೆಳಿಗ್ಗೆ ರಕ್ತದ ಕಲೆಯಾದ ಅಂಗಿಯನ್ನು ಬದಲಿಸಿ ಶಾಲೆಗೆ ಹೋದರೆ ಯಾವ ಅಧಿಕಾರಿಯೂ ಬರುವುದಿಲ್ಲ. ಕಾರಣವಿಷ್ಟೇ: ಅದು ಪ್ರಾಣ ತೆಗೆಯುವ ರೋಗವಲ್ಲ, ಹಾಸಿಗೆ ಹಿಡಿಸುವ ರೋಗವೂ ಅಲ್ಲ. ಕೊಲ್ಲದ ರೋಗಕ್ಕೆ ನಮ್ಮಲ್ಲಿ ಲೆಕ್ಕವಿಲ್ಲ.

ನಮ್ಮ ಜನ ಇಸುಬು ಎಂದು ಕರೆಯುವ, ಡಾಕ್ಟರು ಚೀಟಿಯಲ್ಲಿ ಎಕ್ಜಿಮಾ ಎಂದು ಬರೆಯುವ ಬೇನೆಯ ಮಾತು ಇದು. ಕೂಲಿ, ಬೋನಸ್ಸು, ದಿನಸಿಯ ಬೆಲೆ ಇವುಗಳನ್ನು ಚರ್ಚಿಸುವ ಪತ್ರಿಕೆಯಲ್ಲಿ ಮೈಯ ತುರಿಕೆಯ ಮಾತೇಕೆ ಎಂದು ಕೆಲವು ವಾಚಕರಿಗೆ ಅನ್ನಿಸಬಹುದು. ನಾವು ಅವರನ್ನು ಒಂದೇ ಪ್ರಶ್ನೆ ಕೇಳುತ್ತೇವೆ. ದಿನವಿಡೀ ಗಿರಣಿಯಲ್ಲಿ ದುಡಿದು, ಅಂಗಡಿಯ ಗಲ್ಲಾದ ಮುಂದೆ ಕೂತು ನಾವು ಗಳಿಸುವುದು ಯಾರಿಗಾಗಿ? ಮಕ್ಕಳು ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ನಾಲ್ಕು ಅಕ್ಷರ ಕಲಿತು ನಾಲ್ಕು ಜನರ ನಡುವೆ ತಲೆಯೆತ್ತಿ ನಿಲ್ಲಲಿ ಎಂದಲ್ಲವೆ? ಈ ರೋಗ ಹೊಟ್ಟೆಯ ಅನ್ನವನ್ನು ಮಾತ್ರ ಬಿಟ್ಟು ಉಳಿದ ಮೂರಕ್ಕೂ ಕೈ ಹಾಕುತ್ತದೆ. ಕೆಲವು ಮನೆಗಳಲ್ಲಿ ಪಥ್ಯದ ಹೆಸರಿನಲ್ಲಿ ಅನ್ನಕ್ಕೂ ಕೈ ಹಾಕುತ್ತದೆ. ಆದುದರಿಂದ ಇದು ನಮ್ಮ ಪತ್ರಿಕೆಯ ವಿಷಯವೇ ಹೌದು.

ಇಸುಬು ಎಂದರೇನು?

ಮೊದಲು ರೋಗವನ್ನು ಸರಿಯಾಗಿ ಅರಿಯೋಣ. ನಮ್ಮ ಚರ್ಮದ ಮೇಲ್ಪದರವನ್ನು ಇಟ್ಟಿಗೆ ಗಾರೆಗಳ ಗೋಡೆಗೆ ಹೋಲಿಸಬಹುದು. ಗಾರೆ ಗಟ್ಟಿಯಾಗಿದ್ದರೆ ಒಳಗಿನ ತೇವ ಒಳಗೇ ಉಳಿಯುತ್ತದೆ, ಹೊರಗಿನ ಧೂಳು, ಸೋಪು, ರೋಗಾಣು ಹೊರಗೇ ನಿಲ್ಲುತ್ತವೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಈ ಗೋಡೆ ಸಡಿಲ. ಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪದಾರ್ಥವೊಂದುಂಟು. ಅದನ್ನು ತಯಾರಿಸುವ ವಂಶವಾಹಿಯಲ್ಲಿಯ ದೋಷಕ್ಕೂ ಇಸುಬಿಗೂ ನಂಟಿದೆಯೆಂಬುದನ್ನು ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ಇಸುಬಿನ ಮಕ್ಕಳೆಲ್ಲರಿಗೂ ಈ ಒಂದೇ ದೋಷವಿರುತ್ತದೆಯೆಂದಲ್ಲ. ಆದರೆ ಗೋಡೆ ಸಡಿಲವಾದಾಗ ನಡೆಯುವ ಕಥೆ ಒಂದೇ. ಒಳಗಿನ ತೇವ ಆರಿಹೋಗುತ್ತದೆ, ಹೊರಗಿನ ಕಸ ಒಳನುಗ್ಗುತ್ತದೆ, ದೇಹದ ಕಾವಲುಪಡೆ ಬೇಕಾದುದಕ್ಕಿಂತ ಹೆಚ್ಚು ರೊಚ್ಚಿಗೇಳುತ್ತದೆ. ಆಗ ನವೆ ಹುಟ್ಟುತ್ತದೆ. ಕೆರೆದರೆ ಗೋಡೆ ಇನ್ನಷ್ಟು ಕುಸಿಯುತ್ತದೆ, ಕುಸಿದರೆ ನವೆ ಇನ್ನಷ್ಟು ಏರುತ್ತದೆ.

ಎಳೆಯ ಕೂಸುಗಳಿಗೆ ಇದು ಹೆಚ್ಚಾಗಿ ಕೆನ್ನೆಯ ಮೇಲೆ ಕಾಣಿಸಿಕೊಳ್ಳುತ್ತದೆ. ದೊಡ್ಡ ಮಕ್ಕಳಿಗೆ ಮೊಣಕೈಯ ಮಡಿಕೆ, ಮೊಣಕಾಲ ಹಿಂಭಾಗ, ಕತ್ತು, ಮಣಿಕಟ್ಟುಗಳಲ್ಲಿ. ಬಿಳಿಯರ ಚರ್ಮದ ಮೇಲೆ ಕೆಂಪಗೆ ಕಾಣುವ ಈ ರೋಗ ನಮ್ಮ ಕಂದು ಮೈಬಣ್ಣದ ಮೇಲೆ ಕಪ್ಪಾಗಿ, ಬೂದಿ ಬಣ್ಣವಾಗಿ, ಒರಟಾಗಿ ಕಾಣುತ್ತದೆ. ವಾಸಿಯಾದ ಜಾಗದಲ್ಲಿ ಕೆಲವೊಮ್ಮೆ ಮಸುಕಾದ ಬಿಳಿ ಮಚ್ಚೆ ಉಳಿದು ತಾಯಂದಿರು ತೊನ್ನೆಂದು ಹೆದರುವುದುಂಟು. ಅದು ತೊನ್ನಲ್ಲ. ಹೆಚ್ಚಿನ ಮಕ್ಕಳಲ್ಲಿ ಬಣ್ಣ ತಿಂಗಳುಗಳಲ್ಲಿ ತಾನೇ ಮರಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಇಸುಬು ಅಂಟುರೋಗವಲ್ಲ. ಮುಟ್ಟಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಒಂದೇ ಬೆಂಚಿನಲ್ಲಿ ಕೂತರೆ ಬರುವುದಿಲ್ಲ. ಕಜ್ಜಿ ಬೇರೆ, ಅದು ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಹುಳುಕಡ್ಡಿ ಬೇರೆ, ಅದೂ ಹರಡುತ್ತದೆ. ಮೂರಕ್ಕೂ ತುರಿಕೆ ಒಂದೇ ಆದರೂ ಔಷಧಿ ಒಂದಲ್ಲ. ಯಾವುದು ಯಾವುದೆಂದು ಬಲ್ಲ ಡಾಕ್ಟರು ಹೇಳಬೇಕೇ ಹೊರತು ಪಕ್ಕದ ಮನೆಯವರಲ್ಲ.

ಹತ್ತು ಪ್ರಶ್ನೆಗಳು

ಒಂದು ರೋಗದಿಂದ ಮಗುವಿಗೆ ಆಗುವ ತೊಂದರೆಯನ್ನು ಅಳೆಯುವುದು ಹೇಗೆ? ಜ್ವರಕ್ಕೆ ಶಾಖಮಾಪಕವಿದೆ, ತೂಕಕ್ಕೆ ತಕ್ಕಡಿಯಿದೆ. ಬಾಡಿದ ಮನಸ್ಸಿಗೆ ಯಾವ ತಕ್ಕಡಿ? ಬ್ರಿಟನ್ನಿನ ಲೂಯಿಸ್-ಜೋನ್ಸ್ ಮತ್ತು ಫಿನ್ಲೆ ಎಂಬ ಇಬ್ಬರು ಚರ್ಮವೈದ್ಯರು 1995ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. 4ರಿಂದ 16 ವರುಷದ ಮಕ್ಕಳಿಗೆಂದು ಹತ್ತು ಪ್ರಶ್ನೆಗಳ ಒಂದು ಹಾಳೆ ಸಿದ್ಧಪಡಿಸಿದರು. ಕಳೆದ ಒಂದು ವಾರದಲ್ಲಿ ಹೇಗಿತ್ತು ಎಂದು ಮಗುವನ್ನೇ ಕೇಳುವುದು, ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರರ ತನಕ ಅಂಕ, ಒಟ್ಟು ಮೂವತ್ತು. ಶಾಲೆಯ ಪರೀಕ್ಷೆಗೆ ತಿರುಗುಮುರುಗು: ಇಲ್ಲಿ ಅಂಕ ಹೆಚ್ಚಿದಷ್ಟೂ ಸಂಕಟ ಹೆಚ್ಚು.

ಆ ಹಾಳೆ ಕೇಳುವುದಾದರೂ ಏನನ್ನು? ನವೆಯನ್ನು, ನೋವನ್ನು ಕೇಳುತ್ತದೆ. ನಾಚಿಕೆಯಾಯಿತೆ, ದುಃಖವಾಯಿತೆ ಎಂದು ಕೇಳುತ್ತದೆ. ಗೆಳೆತನಕ್ಕೆ ಅಡ್ಡಿ ಬಂತೆ, ಬಟ್ಟೆ ಬದಲಿಸಬೇಕಾಯಿತೆ, ಆಡಲು ಹೊರಗೆ ಹೋಗಲು ತಡೆಯಾಯಿತೆ, ಈಜುವುದು ಓಡುವುದು ಬಿಟ್ಟೆಯಾ, ಪಾಠಕ್ಕೆ ಇಲ್ಲವೆ ರಜೆಯ ಸಂತೋಷಕ್ಕೆ ತೊಡಕಾಯಿತೆ, ಯಾರಾದರೂ ಅಣಕಿಸಿದರೆ, ನಿದ್ದೆ ಕೆಟ್ಟಿತೆ, ಔಷಧಿ ಹಚ್ಚುವುದೇ ಒಂದು ಕಾಟವಾಯಿತೆ ಎಂದು ಕೇಳುತ್ತದೆ.

ವಾಚಕರು ಗಮನಿಸಬೇಕು. ಹತ್ತರಲ್ಲಿ ಚರ್ಮದ ಬೇನೆಯ ಬಗ್ಗೆ ಇರುವುದು ಮೊದಲನೆಯದೊಂದೇ ಪ್ರಶ್ನೆ. ಉಳಿದವೆಲ್ಲ ಬದುಕಿನ ಬಗ್ಗೆ. ಬಲ್ಲ ವೈದ್ಯರು ಕಂಡುಕೊಂಡ ಸತ್ಯವೇ ಇದು. ಇಸುಬಿನ ಕಾಲುಭಾಗ ಮೈಮೇಲಿದ್ದರೆ ಮುಕ್ಕಾಲು ಭಾಗ ಮನೆಯಲ್ಲಿ, ಶಾಲೆಯಲ್ಲಿ, ಆಟದ ಬಯಲಿನಲ್ಲಿ ಇರುತ್ತದೆ.

"ತುರಿಕೆ ತಾನೆ, ಅದೇನು ದೊಡ್ಡ ರೋಗ!" ಎನ್ನುವವರಿಗೆ ಇನ್ನೊಂದು ಸಂಗತಿ. 2006ರಲ್ಲಿ ಬ್ರಿಟನ್ನಿನಲ್ಲಿಯೇ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ದೀರ್ಘರೋಗಗಳುಳ್ಳ ಮಕ್ಕಳ ತಂದೆತಾಯಿಗಳನ್ನು ಕೇಳಿ ಹೋಲಿಸಿ ನೋಡಿದರು. ಮೈತುಂಬ ಇಸುಬಾದ ಮಕ್ಕಳ ಬದುಕಿಗೆ ತಟ್ಟಿದ ಪೆಟ್ಟು ಉಬ್ಬಸದ ಮಕ್ಕಳದಕ್ಕಿಂತ, ಸಕ್ಕರೆ ಕಾಯಿಲೆಯ ಮಕ್ಕಳದಕ್ಕಿಂತ ಹೆಚ್ಚೆಂದು ಕಂಡುಬಂತು. ಸಕ್ಕರೆ ಕಾಯಿಲೆಯ ಮಗುವೆಂದರೆ ಊರೆಲ್ಲ ಅಯ್ಯೋ ಎನ್ನುತ್ತದೆ. ಇಸುಬಿನ ಮಗುವೆಂದರೆ ಸ್ವಲ್ಪ ಆಚೆ ಸರಿದು ಕೂರುತ್ತದೆ.

ನಿದ್ದೆಯ ಲೂಟಿ

ಆ ಹತ್ತು ಪ್ರಶ್ನೆಗಳಲ್ಲಿ ನಿದ್ದೆಯದನ್ನು ಬೇರೆಯಾಗಿ ಎತ್ತಿ ಹೇಳಬೇಕು. ಇಸುಬಿನ ನವೆ ಏರುವುದು ರಾತ್ರಿ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ಪ್ರದೇಶದಲ್ಲಿ 1990ರ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳನ್ನು ವರುಷಗಟ್ಟಲೆ ಬೆನ್ನುಹತ್ತಿ ನೋಡಿದ ದೊಡ್ಡ ಅಧ್ಯಯನವೊಂದಿದೆ. ಅವರಲ್ಲಿ 13,988 ಮಕ್ಕಳ ಲೆಕ್ಕವನ್ನು 2019ರಲ್ಲಿ ಪ್ರಕಟಿಸಿದಾಗ, ಇಸುಬಿದ್ದ ಮಕ್ಕಳಿಗೆ ಕೆಟ್ಟ ನಿದ್ದೆಯ ಸಂಭವ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಎಂದು ತಿಳಿಯಿತು. ಎಷ್ಟು ಗಂಟೆ ಮಲಗಿದರೆಂಬುದರಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದುದು ನಿದ್ದೆಯ ಗುಣದಲ್ಲಿ: ನಡುರಾತ್ರಿ ಮತ್ತೆ ಮತ್ತೆ ಎಚ್ಚರ, ಬೇಗ ಹತ್ತದ ನಿದ್ದೆ, ಕೆಟ್ಟ ಕನಸು.

ಒಂದೇ ಕೋಣೆಯ ಮನೆಯಲ್ಲಿ ಇದರ ಅರ್ಥವೇನೆಂದು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಮಗು ಎದ್ದರೆ ತಾಯಿ ಏಳುತ್ತಾಳೆ, ತಾಯಿ ಎದ್ದರೆ ತಂದೆಗೂ ನಿದ್ದೆಯಿಲ್ಲ. ಮೊದಲ ಪಾಳಿಗೆ ಹೋಗಬೇಕಾದವನು ಕೆಂಪು ಕಣ್ಣಿನಿಂದ ಯಂತ್ರದ ಮುಂದೆ ನಿಲ್ಲುತ್ತಾನೆ. ತೂಕಡಿಕೆಯಲ್ಲಿ ಪಟ್ಟಿಗೆ ಕೈ ಸಿಕ್ಕಿದರೆ ಅದನ್ನು ಕೆಲಸಗಾರನ ಅಜಾಗರೂಕತೆ ಎಂದು ಬರೆದುಕೊಳ್ಳುತ್ತಾರೆ. ಮಗುವಿನ ಇಸುಬು ಎಂದು ಯಾವ ಮಾಲೀಕನೂ ಬರೆದುಕೊಳ್ಳುವುದಿಲ್ಲ.

ಶಾಲೆಯ ಬೆಂಚಿನಲ್ಲಿ

ಅದೇ ಮಗು ಹತ್ತು ಗಂಟೆಗೆ ಶಾಲೆಯ ಬೆಂಚಿನಲ್ಲಿ ಕೂರುತ್ತದೆ. ನಾವೂ ಕೆಲಕಾಲ ಕರಿಹಲಗೆಯ ಮುಂದೆ ನಿಂತವರು. ತೂಕಡಿಸುವ ಹುಡುಗನೆಂದರೆ ಸೋಮಾರಿ, ಕೂತಲ್ಲಿ ಕೂರದೆ ಮೈ ಪರಚಿಕೊಳ್ಳುವವನೆಂದರೆ ತುಂಟ, ಇದು ಉಪಾಧ್ಯಾಯರ ಕೋಣೆಯ ಹಳೆಯ ಶಬ್ದಕೋಶ. ಒಂದು ವಾಕ್ಯ ಬರೆಯುವಷ್ಟರಲ್ಲಿ ಮೂರು ಸಲ ಪೆನ್ನು ಕೆಳಗಿಟ್ಟು ಮಣಿಕಟ್ಟು ಕೆರೆಯುವ ಮಗುವಿನ ಉಕ್ತಲೇಖನ ಹಿಂದೆ ಬೀಳದೆ ಇನ್ನೇನಾದೀತು? ಆ ಮಗುವಿನ ಬುದ್ಧಿಗೆ ಏನೂ ಕೊರತೆಯಿಲ್ಲ. ಕೊರತೆಯಿರುವುದು ನಿದ್ದೆಗೆ.

ಮಾತಿನ ಪೆಟ್ಟು ಇದಕ್ಕಿಂತ ದೊಡ್ಡದು. ಬಿಸಿಯೂಟದ ಸಾಲಿನಲ್ಲಿ ಪಕ್ಕದ ಹುಡುಗ ತಟ್ಟೆ ಎಳೆದುಕೊಂಡು ಆಚೆ ಸರಿಯುತ್ತಾನೆ. ಕಬಡ್ಡಿಯಲ್ಲಿ ಕೈ ಹಿಡಿಯಲು ಹೇಸುತ್ತಾರೆ. "ಕಜ್ಜಿ" ಎಂಬ ಅಡ್ಡಹೆಸರು ಒಮ್ಮೆ ಅಂಟಿಕೊಂಡರೆ ಹಾಜರಿ ಪುಸ್ತಕದ ಹೆಸರನ್ನೇ ಅಳಿಸಿಬಿಡುತ್ತದೆ. ಮಕ್ಕಳು ಕ್ರೂರಿಗಳೆಂದು ನಾವು ಹೇಳುವುದಿಲ್ಲ. ಅವರು ದೊಡ್ಡವರನ್ನು ನೋಡಿ ಕಲಿಯುತ್ತಾರೆ. "ಆ ಹುಡುಗನ ಹತ್ತಿರ ಹೋಗಬೇಡ" ಎಂದು ಮನೆಯಲ್ಲಿ ಹೇಳಿಕೊಟ್ಟ ಪಾಠವನ್ನೇ ಶಾಲೆಯಲ್ಲಿ ಒಪ್ಪಿಸುತ್ತಾರೆ.

ಇಂಥ ಮಕ್ಕಳ ಸಂಖ್ಯೆ ನಮ್ಮ ದೇಶದಲ್ಲಿ ಬಹಳ ಕಡಮೆಯಲ್ಲವೆ ಎಂದು ಲೆಕ್ಕಾಚಾರದವರು ಕೇಳಬಹುದು. ಲೆಕ್ಕವನ್ನೇ ನೋಡೋಣ. ಮಕ್ಕಳ ಉಬ್ಬಸ ಮತ್ತು ಅಲರ್ಜಿಗಳ ಬಗ್ಗೆ ನಡೆದ ಅಂತರರಾಷ್ಟ್ರೀಯ ಸಮೀಕ್ಷೆಯೊಂದರ ಫಲಿತಾಂಶ 2009ರಲ್ಲಿ ಹೊರಬಂತು. 6-7 ವರುಷದ ಮಕ್ಕಳಲ್ಲಿ ಇಸುಬಿನ ಪ್ರಮಾಣ ಎಲ್ಲಕ್ಕಿಂತ ಹೆಚ್ಚು ಕಂಡದ್ದು ದಕ್ಷಿಣ ಅಮೆರಿಕದ ಈಕ್ವೆಡಾರಿನ ಕೀಟೋ ನಗರದಲ್ಲಿ, ನೂರಕ್ಕೆ 22.5. ಎಲ್ಲಕ್ಕಿಂತ ಕಡಮೆ ಕಂಡದ್ದು ನಮ್ಮ ದೇಶದ ಜೋಧಪುರದಲ್ಲಿ, ನೂರಕ್ಕೆ 0.9. ಆ ಅತಿ ಕಡಮೆಯ ಲೆಕ್ಕವನ್ನೇ ಹಿಡಿದರೂ ಮುನ್ನೂರು ಮಕ್ಕಳ ಶಾಲೆಯಲ್ಲಿ ಸುಮಾರು ಮೂವರಾಗುತ್ತಾರೆ. ಮೂವರಷ್ಟೇ ತಾನೆ ಎನ್ನುವವರು ಆ ಮೂರು ಮನೆಗಳ ಪೈಕಿ ಒಂದರಲ್ಲಿ ಒಂದು ರಾತ್ರಿ ಮಲಗಿ ಬರಲಿ. ಕಡಮೆ ಇರುವುದೂ ಒಂದು ಶಾಪವೇ. ನೂರಕ್ಕೆ ಇಪ್ಪತ್ತು ಮಕ್ಕಳಿಗೆ ಇದ್ದ ಊರಿನಲ್ಲಿ ಇಸುಬು ಎಂದರೇನೆಂದು ಎಲ್ಲರೂ ಬಲ್ಲರು. ಮುನ್ನೂರಕ್ಕೆ ಮೂವರಿದ್ದ ಊರಿನಲ್ಲಿ ಆ ಮೂವರು ಒಂಟಿಯಾಗುತ್ತಾರೆ.

ಹರೆಯದ ಸಂಕಟ

ಮಗು ಹದಿಮೂರು ಹದಿನಾಲ್ಕಕ್ಕೆ ಬಂದಾಗ ರೋಗದ ಮುಖವೇ ಬದಲಾಗುತ್ತದೆ. ಕನ್ನಡಿ ನೋಡುವ ವಯಸ್ಸು ಅದು. ಬಿರುಬೇಸಿಗೆಯಲ್ಲಿಯೂ ತುಂಬುತೋಳಿನ ಅಂಗಿ, ಕತ್ತು ಮುಚ್ಚುವ ದುಪಟ್ಟಾ. ಬೆವರಿಗೆ ನವೆ ಇನ್ನೂ ಹೆಚ್ಚು. ಗೆಳೆಯರು ಮೊಬೈಲಿನಲ್ಲಿ ಫೋಟೋ ತೆಗೆಯುವಾಗ ಹಿಂದೆ ಸರಿಯುವುದು, ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಹೆಸರು ಕೊಡದಿರುವುದು, ಕೊನೆಗೆ ಶಾಲೆಗೇ ಹೋಗಲೊಲ್ಲೆನೆನ್ನುವುದು. ಕಠಿಣವಾದ ಇಸುಬಿದ್ದ ಮಕ್ಕಳಲ್ಲಿ ಮನಸ್ಸು ಕುಗ್ಗಿಹೋಗುವ ರೋಗಲಕ್ಷಣಗಳು ಹೆಚ್ಚಾಗಿ ಕಾಣುತ್ತವೆಯೆಂದು ಮೇಲೆ ಹೇಳಿದ ಇಂಗ್ಲೆಂಡಿನ ಮಕ್ಕಳ ಅಧ್ಯಯನವೇ ತೋರಿಸಿದೆ. ಮಗ ಮಾತು ಕಡಮೆ ಮಾಡಿದ್ದಾನೆ, ಮೂಲೆ ಹಿಡಿದಿದ್ದಾನೆ ಎಂದರೆ ಅದನ್ನು ಹರೆಯದ ಸೊಕ್ಕು ಎಂದು ಬೈಯುವ ಮೊದಲು ಅವನ ತೋಳನ್ನೊಮ್ಮೆ ನೋಡಬೇಕು, ಹತ್ತಿರ ಕೂತು ಕೇಳಬೇಕು.

ಹೆಣ್ಣು ಮಕ್ಕಳ ಪಾಡು ಇನ್ನೂ ಕಷ್ಟ. ಹುಡುಗಿಯ ಕುತ್ತಿಗೆಯ ಮೇಲೆ ಒಂದು ಕಪ್ಪು ಪಟ್ಟೆ ಕಂಡರೆ ಮನೆಯವರ ಮೊದಲ ಚಿಂತೆ ಅವಳ ನಿದ್ದೆಯದಲ್ಲ, ಮುಂದಿನ ಮದುವೆಯ ಮಾತಿನದು. ಆದಕಾರಣ ರೋಗವನ್ನು ಮುಚ್ಚಿಡುತ್ತಾರೆ, ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಹಿಂಜರಿಯುತ್ತಾರೆ. ಮುಚ್ಚಿಟ್ಟ ರೋಗ ವಾಸಿಯಾದುದನ್ನು ನಾವು ಕಂಡಿಲ್ಲ.

ಹೊಟ್ಟೆಪಾಡಿನ ಪ್ರಶ್ನೆಯೂ ಇದರಲ್ಲಿದೆ. ಚಿಕ್ಕಂದಿನಲ್ಲಿ ಇಸುಬಿದ್ದವರ ಕೈಗಳು ದೊಡ್ಡವರಾದ ಮೇಲೂ ನೀರು, ಸೋಪು, ಸಿಮೆಂಟು, ಎಣ್ಣೆ, ರಾಸಾಯನಿಕಗಳನ್ನು ಉಳಿದವರಷ್ಟು ತಾಳುವುದಿಲ್ಲ. ಗಾರೆ ಕೆಲಸ, ಕ್ಷೌರ, ಬಣ್ಣದ ಕೆಲಸ, ಹೋಟೆಲಿನ ಪಾತ್ರೆ ತೊಳೆಯುವ ಕೆಲಸ, ದಾದಿಯರ ಕೆಲಸ ಇವುಗಳಲ್ಲಿ ಕೈಯ ಇಸುಬು ಮರುಕಳಿಸುವ ಅಪಾಯ ಹೆಚ್ಚು. ಹತ್ತನೆಯ ಇಯತ್ತೆ ಮುಗಿಸಿ ಐಟಿಐ ಸೇರುವ ಹುಡುಗನಿಗೆ ಈ ಮಾತನ್ನು ಮೊದಲೇ ಹೇಳುವವರು ಬೇಕು. ಎರಡು ವರುಷ ಕಸುಬು ಕಲಿತು ಮೂರನೆಯ ವರುಷ ಕೈ ಬಿರಿದು ಮನೆಯಲ್ಲಿ ಕೂರುವಂತಾದರೆ ಆ ಎರಡು ವರುಷಗಳನ್ನು ಹಿಂದಿರುಗಿಸುವವರಾರು?

"ದೊಡ್ಡವನಾದ ಮೇಲೆ ತಾನೇ ಹೋಗುತ್ತದೆ ಬಿಡಿ" ಎಂಬ ಸಮಾಧಾನದ ಮಾತು ಎಲ್ಲೆಡೆ ಕೇಳಿಬರುತ್ತದೆ. ಹಲವರಿಗೆ ವಯಸ್ಸಾಗುತ್ತ ಕಡಮೆಯಾಗುವುದು ನಿಜ. ಎಲ್ಲರಿಗೂ ಅಲ್ಲವೆಂಬುದೂ ಅಷ್ಟೇ ನಿಜ. ಆದರೆ ಹೋಗುವುದೆಂದೇ ಇಟ್ಟುಕೊಳ್ಳೋಣ. ರೋಗ ಹೋದ ಮೇಲೆ ಬಾಲ್ಯ ಹಿಂದಿರುಗಿ ಬರುತ್ತದೆಯೆ? ಮೂರನೆಯ ತರಗತಿಯಲ್ಲಿ ಕಲಿಯದೆ ಉಳಿದ ಮಗ್ಗಿ, ಆರನೆಯದರಲ್ಲಿ ಕಳೆದುಹೋದ ಗೆಳೆಯ, ಒಂಬತ್ತನೆಯದರಲ್ಲಿ ಬಿಟ್ಟುಬಂದ ಶಾಲೆ ಇವೂ ತಾವಾಗಿ ಮರಳುತ್ತವೆಯೆ?

ದೋಷ, ನಂಜು, ಪಥ್ಯ

ನಮ್ಮ ಮನೆಗಳಲ್ಲಿಯೇ ಬೇರುಬಿಟ್ಟ ಕೆಲವು ತಪ್ಪು ತಿಳಿವಳಿಕೆಗಳನ್ನೂ ಹೇಳದೆ ಬಿಡಲಾಗದು. ಚರ್ಮದ ಬೇನೆಯೆಂದರೆ ನಾಗದೋಷವೆಂದು ಹರಕೆ ಹೊರುವುದು ಒಂದು. ಯಾರ ನಂಬಿಕೆಯನ್ನೂ ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಪೂಜೆ ಮಾಡಿಸುವವರು ಮಾಡಿಸಲಿ, ಆದರೆ ಆ ಖರ್ಚಿನಲ್ಲಿ ಡಾಕ್ಟರ ಪಾಲನ್ನು ಕಳೆಯಬಾರದು. ದೋಷವೆಂಬ ಮಾತು ಕಿವಿಗೆ ಬಿದ್ದ ಮಗು ತಾನೇ ಏನೋ ತಪ್ಪು ಮಾಡಿದೆನೆಂದು ಕೊರಗುತ್ತದೆಯೆಂಬುದನ್ನೂ ನೆನಪಿಡಬೇಕು.

ಎರಡನೆಯದು ಪಥ್ಯ. ಬದನೆಕಾಯಿ ನಂಜು, ಮೊಟ್ಟೆ ಉಷ್ಣ, ಮೀನು ಬೇಡ, ಹಾಲು ಬೇಡ, ಕಡಲೆಕಾಯಿ ಬೇಡ ಎಂದು ಒಂದೊಂದಾಗಿ ತೆಗೆಯುತ್ತ ಹೋದರೆ ಬೆಳೆಯುವ ಮಗುವಿನ ತಟ್ಟೆಯಲ್ಲಿ ಉಳಿಯುವುದು ಅನ್ನ ತಿಳಿಸಾರು. ಕೆಲವೇ ಮಕ್ಕಳಿಗೆ ಯಾವುದೋ ಒಂದು ಆಹಾರ ನಿಜಕ್ಕೂ ಆಗದಿರಬಹುದು. ಅದನ್ನು ಡಾಕ್ಟರು ಪರೀಕ್ಷಿಸಿ ಹೇಳಬೇಕು. ಊಹೆಯ ಮೇಲೆ ಮಗುವನ್ನು ಉಪವಾಸ ಕೆಡವುವುದು ಇಸುಬಿನ ಜತೆಗೆ ನಿತ್ರಾಣವನ್ನೂ ಕರೆತಂದಂತೆ.

ಮೂರನೆಯದು ಕಂಡದ್ದನ್ನೆಲ್ಲ ಅರೆದು ಹಚ್ಚುವುದು. ಬೆಳ್ಳುಳ್ಳಿ, ಸುಣ್ಣ ಇವು ಹಸಿ ಚರ್ಮವನ್ನು ಸುಡುತ್ತವೆ. ಅಜ್ಜಿಯಂದಿರು ಹೇಳುವುದೆಲ್ಲ ತಪ್ಪೆಂದಲ್ಲ. ಮಗುವಿನ ಮೈಗೆ ಕೊಬ್ಬರಿ ಎಣ್ಣೆ ಸವರುವ ಹಳೆಯ ರೂಢಿಯನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ.

ಮುಲಾಮಿನ ವ್ಯಾಪಾರ

ಇನ್ನು ಔಷಧಿಯ ವಿಚಾರ. ಇಲ್ಲಿ ನಮ್ಮ ವಾಚಕರಾದ ಔಷಧಿ ಅಂಗಡಿಯ ಮಿತ್ರರು ಕೊಂಚ ಕಿವಿಗೊಡಬೇಕು.

1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನ್ ಮುಲಾಮನ್ನು ಇಸುಬಿಗೆ ಹಚ್ಚಿ ಗುಣ ಕಂಡರು. ಅಂದಿನಿಂದ ಸ್ಟೆರಾಯಿಡ್ ಮುಲಾಮುಗಳು ಈ ರೋಗದ ಮುಖ್ಯ ಔಷಧಿಗಳಾಗಿವೆ. ಇವು ಸೌಮ್ಯವಾದುದರಿಂದ ಹಿಡಿದು ಅತಿ ಪ್ರಬಲವಾದುದರ ತನಕ ಹಲವು ದರ್ಜೆಯಲ್ಲಿವೆ. ಸರಿಯಾದ ದರ್ಜೆಯದನ್ನು, ಸರಿಯಾದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಭಯವಿಲ್ಲ. ಆದರೆ ನಮ್ಮ ಪೇಟೆಯಲ್ಲಿ ನಡೆಯುವುದೇನು? ತುರಿಕೆಗೆ ಏನಾದರೂ ಕೊಡಿ ಎಂದ ಕೂಡಲೆ ಪ್ರಬಲ ಸ್ಟೆರಾಯಿಡ್, ಹುಳುಕಡ್ಡಿಯ ಔಷಧಿ, ರೋಗಾಣುನಾಶಕ ಮೂರನ್ನೂ ಬೆರೆಸಿದ ಟ್ಯೂಬೊಂದು ಗಿರಾಕಿಯ ಕೈ ಸೇರುತ್ತದೆ. ಎರಡೇ ದಿನದಲ್ಲಿ ನವೆ ನಿಲ್ಲುತ್ತದೆ, ಗಿರಾಕಿ ಹೊಗಳುತ್ತಾನೆ. ಆಮೇಲೆ ಬಿಟ್ಟರೆ ಮತ್ತೆ ಬರುತ್ತದೆ, ಮತ್ತೆ ಹಚ್ಚುತ್ತಾನೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಮಗುವಿನ ಎಳೆಯ ಚರ್ಮ ಕಾಗದದಂತೆ ತೆಳುವಾಗುತ್ತದೆ, ಸೀಳುಗೆರೆಗಳು ಮೂಡುತ್ತವೆ. ಇದ್ದದ್ದು ಹುಳುಕಡ್ಡಿಯಾಗಿದ್ದರೆ ಅದು ಗುರುತು ಸಿಗದಂತೆ ರೂಪ ಬದಲಿಸಿ ಮೈತುಂಬ ಹರಡುತ್ತದೆ.

ಕಾನೂನು ಇಲ್ಲವೆಂದಲ್ಲ. 2018ರಲ್ಲಿ ಕೇಂದ್ರ ಸರಕಾರವು 14 ಬಗೆಯ ಸ್ಟೆರಾಯಿಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಕೂಡದೆಂದು ಅಧಿಸೂಚನೆ ಹೊರಡಿಸಿತು. ಕಾಗದದ ಮೇಲಿನ ಅಧಿಸೂಚನೆ ಅಂಗಡಿಯ ಕಟ್ಟೆಯ ತನಕ ಇಳಿದು ಬರಬೇಕಾದರೆ ವ್ಯಾಪಾರಿಯ ಮನಸ್ಸಾಕ್ಷಿಯೂ ಬೇಕು. ಒಂದು ಟ್ಯೂಬಿನಲ್ಲಿ ಸಿಗುವ ನಾಲ್ಕು ಕಾಸು ಒಂದು ಮಗುವಿನ ಮುಖಕ್ಕಿಂತ ದೊಡ್ಡದಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಸ್ಟೆರಾಯಿಡ್ ಎಂಬ ಹೆಸರು ಕೇಳಿಯೇ ಹೆದರಿ, ಡಾಕ್ಟರು ಬರೆದುಕೊಟ್ಟ ಸೌಮ್ಯ ಮುಲಾಮನ್ನೂ ಹಚ್ಚದೆ ಮಗುವನ್ನು ನರಳಲು ಬಿಡುವವರಿದ್ದಾರೆ. ಹೇಳಿದಷ್ಟು ಹಚ್ಚುವುದೇ ಸರಿ. ಅಳತೆ ಸುಲಭ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯ ತನಕ ಹಿಂಡಿದ ಮುಲಾಮು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.

ಆದರೆ ಸ್ಟೆರಾಯಿಡಿಗಿಂತಲೂ ಮೊದಲು ಬೇಕಾದದ್ದು ಮೈಗೆ ಜಿಡ್ಡು. ಗಾರೆ ಸಡಿಲವಾದ ಗೋಡೆಗೆ ದಿನವೂ ಗಿಲಾವು ಮಾಡಿದಂತೆ ಅದು. ರೋಗ ಕಾಣುವಾಗಲೂ ಹಚ್ಚಬೇಕು, ಕಾಣದಾಗಲೂ ಹಚ್ಚಬೇಕು. ಬ್ರಿಟನ್ನಿನ ಸರಕಾರಿ ವೈದ್ಯಕೀಯ ಮಾರ್ಗಸೂಚಿ 2007ರಲ್ಲಿ ಹೇಳಿದ ಪ್ರಮಾಣ ಇಸುಬಿನ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ. ನಮ್ಮಲ್ಲಿ 20 ಗ್ರಾಮಿನ ಟ್ಯೂಬು ತಂದು ತಿಂಗಳಿಡೀ ಸವರುತ್ತೇವೆ, ಆಮೇಲೆ ಔಷಧಿ ನಾಟಲಿಲ್ಲವೆನ್ನುತ್ತೇವೆ. ಪರಿಮಳದ ದುಬಾರಿ ಕ್ರೀಮು ಬೇಕಾಗಿಲ್ಲ. ವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿಯ ದೊಡ್ಡ ಡಬ್ಬಿ ಸಾಕು, ಕೊಬ್ಬರಿ ಎಣ್ಣೆಯೂ ಆದೀತು. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ತಿಕ್ಕದೆ ಒತ್ತಿ ಒರಸಿ, ಮೈಯ ತೇವ ಆರುವ ಮೊದಲೇ ಹಚ್ಚಬೇಕು. ಉಗುರು ಕತ್ತರಿಸಬೇಕು, ಹತ್ತಿಯ ಬಟ್ಟೆ ತೊಡಿಸಬೇಕು. ಗಿರಣಿಯಿಂದ ಬಂದ ತಂದೆ ತೌಡಿನ, ಹತ್ತಿಯ ಧೂಳು ಹತ್ತಿದ ಅಂಗಿಯನ್ನು ಕಳಚಿ ಕೈಕಾಲು ತೊಳೆದೇ ಮಗುವನ್ನು ಎತ್ತಿಕೊಳ್ಳಬೇಕು. ಹುಣ್ಣಿನಿಂದ ಹಳದಿ ರಸ ಸೋರಿದರೆ, ಜ್ವರ ಬಂದರೆ, ನೋವಿನ ಗುಳ್ಳೆಗಳು ಗುಂಪಾಗಿ ಎದ್ದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಸರಕಾರದ ಪಟ್ಟಿಯಲ್ಲಿದೆ, ಆದರೆ...

ಈ ಎಲ್ಲ ಹೊರೆಯನ್ನೂ ತಾಯಿಯೊಬ್ಬಳ ತಲೆಗೆ ಕಟ್ಟಿ ಸರಕಾರ ಕೈ ತೊಳೆದುಕೊಳ್ಳಬಹುದೆ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಹೆಸರನ್ನು ವಾಚಕರು ಕೇಳಿರಬಹುದು. ಹುಟ್ಟಿನಿಂದ 18 ವರುಷದ ತನಕದ ಮಕ್ಕಳನ್ನು ಪರೀಕ್ಷಿಸಲು ವೈದ್ಯರ ತಂಡ ಅಂಗನವಾಡಿಗೆ ವರುಷಕ್ಕೆ ಎರಡು ಸಲ, ಸರಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ಅವರು ನೋಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಕಜ್ಜಿ, ಹುಳುಕಡ್ಡಿಗಳ ಜತೆಗೆ ಎಕ್ಜಿಮಾದ ಹೆಸರೂ ಅಚ್ಚಾಗಿದೆ. ಅಂದರೆ ಇಸುಬು ಮಕ್ಕಳ ರೋಗವೆಂದು, ಅದನ್ನು ಹುಡುಕಿ ಚಿಕಿತ್ಸೆ ಕೊಡುವುದು ತನ್ನ ಹೊಣೆಯೆಂದು ಸರಕಾರವೇ ಒಪ್ಪಿಕೊಂಡಿದೆ. ನಾವು ಹೊಸದೇನನ್ನೂ ಬೇಡುತ್ತಿಲ್ಲ.

ಆದರೆ ಚಳಿಗಾಲದಲ್ಲಿ ಉಲ್ಬಣಿಸಿ ಮಳೆಗಾಲದಲ್ಲಿ ಅಡಗುವ ರೋಗವನ್ನು ವರುಷಕ್ಕೊಂದು ದಿನ ಬಂದವರು ಕಾಣುವುದೆಷ್ಟು? ಕಂಡು ಬರೆದುಕೊಂಡರೂ ದಿನನಿತ್ಯದ ಜಿಡ್ಡನ್ನು ಕೊಡುವವರಾರು? ಸರಕಾರದ ದೊಡ್ಡ ಆರೋಗ್ಯ ವಿಮೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿದವರಿಗೆ. ಇಸುಬಿನ ಮಗು ಮಂಚದ ಮೇಲೆ ಮಲಗುವುದಿಲ್ಲ, ಆದ್ದರಿಂದ ಆ ವಿಮೆಗೆ ಅದು ಕಾಣುವುದಿಲ್ಲ. ಇಎಸ್ಐ ಚೀಟಿಯಿರುವ ಗಿರಣಿ ಕೆಲಸಗಾರರ ಮಕ್ಕಳಿಗೆ ಹೊರರೋಗಿಯ ಔಷಧಿಯೂ ಸಿಗಬೇಕು. ಪ್ರತಿ ತಿಂಗಳು ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ ಮುರಿದುಕೊಡುವ ಹಕ್ಕುದಾರರು ಅವರು. ಇಎಸ್ಐ ದವಾಖಾನೆಗೆ ಹೋಗಿ ಧೈರ್ಯವಾಗಿ ಕೇಳಲಿ. ಆದರೆ ನಾಲ್ಕೈದು ಜನರ ಸಣ್ಣ ಅಂಗಡಿ, ಸಣ್ಣ ಗಿರಣಿಗಳಲ್ಲಿ ದುಡಿಯುವವರಿಗೂ ಅವುಗಳ ಮಾಲೀಕರಿಗೂ ಆ ಚೀಟಿಯಿಲ್ಲ. ಇತ್ತ 2017ರಿಂದೀಚೆಗೆ ಕಠಿಣ ಇಸುಬಿಗೆ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದು ಬಂದಿದೆ, ಮಕ್ಕಳಿಗೂ ಕೊಡುತ್ತಾರೆ. ಗುಣವೂ ಇದೆಯಂತೆ, ಬೆಲೆ ಮಾತ್ರ ದುಡಿಯುವವನ ಕೈಗೆ ಎಟುಕುವಂಥದಲ್ಲ. ದೊಡ್ಡ ಮದ್ದಿನ ಮಾತು ಹಾಗಿರಲಿ. ಜಿಡ್ಡಿನ ಡಬ್ಬಿಗೂ ಗತಿಯಿಲ್ಲದ ಮಗುವಿನ ಮಾತು ಮೊದಲಾಗಲಿ.

ಆಗಬೇಕಾದದ್ದು

ನಮ್ಮ ಬೇಡಿಕೆಗಳು ನಾಲ್ಕೇ. ಒಂದು, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಸುಬಿನ ಮಕ್ಕಳಿಗೆ ಜಿಡ್ಡಿನ ಮುಲಾಮು ಟ್ಯೂಬಿನ ಲೆಕ್ಕದಲ್ಲಲ್ಲ, ಡಬ್ಬಿಯ ಲೆಕ್ಕದಲ್ಲಿ ಪುಕ್ಕಟೆಯಾಗಿ ಸಿಗಬೇಕು. ಎರಡು, ತಾಲ್ಲೂಕು ಆಸ್ಪತ್ರೆಗೆ ತಿಂಗಳಿಗೊಮ್ಮೆಯಾದರೂ ಚರ್ಮದ ಡಾಕ್ಟರು ಗೊತ್ತಾದ ದಿನ ಬಂದು ಕೂರಬೇಕು. ಮೂರು, ಶಾಲೆಗೆ ಬರುವ ವೈದ್ಯರ ತಂಡ ಮಗುವಿನ ಮೈಯನ್ನು ನೋಡಿದರೆ ಸಾಲದು, ನಿದ್ದೆ, ಆಟ, ಗೆಳೆತನಗಳನ್ನೂ ಕೇಳಿ ಬರೆದುಕೊಳ್ಳಬೇಕು. ಹತ್ತು ಪ್ರಶ್ನೆ ಕೇಳಲು ಹತ್ತು ನಿಮಿಷ ಸಾಕು, ಯಂತ್ರ ಬೇಡ. ನಾಲ್ಕು, ಇಸುಬಿನ ಕಾರಣಕ್ಕೆ ಯಾವ ಮಗುವನ್ನೂ ಬೇರೆ ಕೂರಿಸಕೂಡದೆಂದು ಶಿಕ್ಷಣ ಇಲಾಖೆ ಎಲ್ಲ ಶಾಲೆಗಳಿಗೂ ಬರೆಯಬೇಕು. ಅಂಥ ಮಕ್ಕಳಿಗೆ ಸಮವಸ್ತ್ರದ ಬಣ್ಣದಲ್ಲಿಯೇ ಹತ್ತಿಯ ಬಟ್ಟೆ ತೊಡಲು, ಬಿಸಿಲಿನ ಕವಾಯತಿನಲ್ಲಿ ನೆರಳಿಗೆ ನಿಲ್ಲಲು, ನಡುಮಧ್ಯಾಹ್ನ ಜಿಡ್ಡು ಹಚ್ಚಿಕೊಳ್ಳಲು ಅವಕಾಶವಿರಬೇಕು.

ಇವುಗಳಲ್ಲಿ ಕೊನೆಯದಕ್ಕೆ ಬೆಂಗಳೂರಿನ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಪ್ರತಿ ಸರಕಾರಿ ಶಾಲೆಯಲ್ಲಿಯೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ, ಅದರಲ್ಲಿ ತಂದೆತಾಯಿಗಳೇ ಸದಸ್ಯರು. ನಮ್ಮ ವಾಚಕರಲ್ಲಿ ಹಲವರು ಆ ಸಮಿತಿಗಳಲ್ಲಿದ್ದಾರೆ. ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು ಮೂರು ಮಾತು ಕೇಳಲಿ: ನಮ್ಮ ಶಾಲೆಯಲ್ಲಿ ಇಸುಬಿನ ಮಕ್ಕಳೆಷ್ಟು? ಅವರು ಎಲ್ಲಿ ಕೂರುತ್ತಾರೆ? ಯಾರ ಜತೆ ಉಣ್ಣುತ್ತಾರೆ? ಕೇಳಿದವರ ಮಗುವಿಗೇ ಇಸುಬಿರಬೇಕೆಂದೇನೂ ಇಲ್ಲ. ಪಕ್ಕದ ಮನೆಯ ಮಗುವಿಗಾಗಿ ಬಾಯಿ ತೆರೆಯುವುದನ್ನು ದುಡಿಯುವ ಜನಕ್ಕೆ ಹೊಸದಾಗಿ ಕಲಿಸಬೇಕಾಗಿಲ್ಲ.